ಇಸ್ತ್ರಿ ಕೋಣೆಯಿಂದ ಹಿಂದಕ್ಕೆ ಹೋದ ಬಾಣ

ಆಸ್ಪತ್ರೆಯ ಉಗ್ರಾಣದ ಮೇಡಂ ಫೋನ್ ಮಾಡಿದರೆ ನಮ್ಮ ಲಾಂಡ್ರಿಯ ಯಜಮಾನರು ಎದ್ದು ನಿಂತು ಮಾತಾಡುತ್ತಾರೆ. ಆ ದಿನವೂ ನಿಂತೇ ಇದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಬಾಯಲ್ಲಿ. ಉಗುರು ಕಡಿಯುವುದು ಅವರ ಹಳೆಯ ಚಾಳಿ. "ಆಯ್ತು ಮೇಡಂ, ಆಯ್ತು ಮೇಡಂ" ಎನ್ನುತ್ತಲೇ ಫೋನಿಟ್ಟು ನನ್ನ ಮುಖ ನೋಡಿದರು.

"ಇವತ್ತೂ ಬೆಡ್‌ಶೀಟ್ ಕಮ್ಮಿ ಬಿತ್ತಂತೆ. ಆಪರೇಷನ್‌ಗೆ ರೆಡಿ ಮಾಡಿದ್ದ ಪೇಷೆಂಟನ್ನ ಬಾಗಿಲ ಹೊರಗೆ ಕಾಯಿಸಿದ್ರಂತೆ. ಈ ತಿಂಗಳೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಬೇರೆ ಲಾಂಡ್ರಿಗೆ ಕೊಡ್ತೀವಿ ಅಂದ್ರು."

"ಕೊಡ್ಲಿ ಬಿಡಿ! ದಿನಾ ಇದೇ ಗೋಳು," ಎಂದೆ.

"ಕೊಟ್ರೆ ನಾವು ಬಾಗಿಲು ಹಾಕ್ಕೊಂಡು ಮನೆಗೆ ಹೋಗ್ಬೇಕು ಅಷ್ಟೇ," ಎಂದರು ಯಜಮಾನರು. ಅವರು ಕೂಗುವವರಲ್ಲ. ಮೆಲ್ಲಗೆ ಹೇಳಿದ್ದರಿಂದಲೇ ಮಾತು ನಿಜ ಅಂತ ನನಗೆ ತಿಳಿಯಿತು.

ನಾನು ಆ ಲಾಂಡ್ರಿಯ ಮೇಲ್ವಿಚಾರಕಿ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಎಲ್ಲರಿಗೂ ಗೊತ್ತು. ಹಿಂದಿನಿಂದ ನನ್ನನ್ನು ಬೆಂಕಿಪೊಟ್ಟಣ ಅಂತ ಕರೆಯುತ್ತಾರೆ. ಕರೆಯಲಿ. ಕೂಗಾಡದೇ ಹೋದರೆ ಆ ಮಷೀನುಗಳ ಗಲಾಟೆಯಲ್ಲಿ ಯಾರ ಕಿವಿಗೆ ಏನು ಬೀಳುತ್ತದೆ? ಆದರೆ ಅವತ್ತು ಬಾಗಿಲು ಹಾಕುವ ಮಾತು ಕೇಳಿದಾಗ ನನಗೆ ನನ್ನ ಸಂಬಳದ ಯೋಚನೆ ಬರಲಿಲ್ಲ. ಎರಡು ಕೈ, ಒಂದು ಬಾಯಿ ಇದೆ, ಎಲ್ಲಾದರೂ ಹೋಗಿ ಬದುಕುತ್ತೇನೆ. ಯೋಚನೆ ಬಂದದ್ದು ಚಿಕ್ಕಮ್ಮನದು.

ಅಮ್ಮ ತೀರಿಕೊಂಡಾಗ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದವಳು ಚಿಕ್ಕಮ್ಮ. ಮದುವೆಯಾಗಲಿಲ್ಲ. "ನಿನ್ನಂಥ ಒಂದನ್ನ ಸಾಕಿದ್ದೇ ಸಾಕು, ಇನ್ನೊಂದು ಬೇರೆ ಬೇಕಾ?" ಎನ್ನುತ್ತಿದ್ದಳು. ಯಜಮಾನರ ತಂದೆಯ ಕಾಲದಿಂದ ಲಾಂಡ್ರಿಯಲ್ಲಿದ್ದಾಳೆ, ಅಲ್ಲಿರುವವರಿಗೆಲ್ಲ ಅವಳು ಚಿಕ್ಕಮ್ಮನೇ. ಒಣಗಿಸುವ ಕೋಣೆಗೂ ಇಸ್ತ್ರಿ ಕೋಣೆಗೂ ನಡುವಿನ ಓಣಿಯಲ್ಲಿ ಒಂದು ಉದ್ದನೆಯ ಮೇಜಿದೆ, ಮೇಲೆ ಬಿಳಿ ದೀಪ. ಒಣಗಿ ಬಂದ ಬೆಡ್‌ಶೀಟನ್ನು ಅವಳು ಆ ದೀಪದ ಕೆಳಗೆ ಹರಡುತ್ತಾಳೆ. ರಕ್ತದ್ದೋ ಔಷಧದ್ದೋ ಕಲೆ ಉಳಿದಿದ್ದರೆ ಒಗೆಯುವ ಕೋಣೆಗೆ ವಾಪಸ್ಸು. ಇಲ್ಲದಿದ್ದರೆ ಇಸ್ತ್ರಿಗೆ. ಅದು ಅವಳ ಕೆಲಸ, ಅವಳ ಜಾಗ.

ಒಮ್ಮೆ ಬಾಯ್ಲರ್ ಕೆಟ್ಟು ಲಾಂಡ್ರಿಗೆ ರಜೆ ಕೊಟ್ಟಿದ್ದರು. ಚಿಕ್ಕಮ್ಮ ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಮಂಚದ ಅಂಚಿನಲ್ಲಿ ಕೂತಳು. ಸಂಜೆಯವರೆಗೂ ಕೂತೇ ಇದ್ದಳು. "ಚಪ್ಪಲಿನಾದ್ರೂ ಬಿಡೇ" ಎಂದರೆ "ಕರೆದ್ರೆ ಹೋಗ್ಬೇಕಲ್ಲ" ಎಂದಳು. ಅವತ್ತು ಊಟ ಕೂಡ ಸರಿಯಾಗಿ ಮಾಡಲಿಲ್ಲ. ಲಾಂಡ್ರಿ ಮುಚ್ಚಿದರೆ ಇವಳು ಹೀಗೇ ಕೂತು ಕೂತು ಹೋಗಿಬಿಡುತ್ತಾಳೆ ಅಂತ ಅವತ್ತೇ ನನಗೆ ತಿಳಿದುಹೋಗಿತ್ತು.

ಹಾಗಾಗಿ ಯಜಮಾನರು "ಕೆಲಸದ ದಾರಿ ಸರಿ ಮಾಡೋದು ಹೇಗೆ ಅಂತ ಕಲಿಸೋ ಒಂದು ತರಗತಿ ಇದೆಯಂತೆ, ರಜೆ ದಿನಗಳಲ್ಲಿ. ಯಾರನ್ನ ಕಳಿಸ್ಲಿ?" ಎಂದಾಗ ನಾನು ಗೊಣಗದೆ "ನಾನೇ ಹೋಗ್ತೀನಿ" ಎಂದೆ. ಶಾಲೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂರುವುದೇ ಒಂದು ಶಿಕ್ಷೆ.

ತರಗತಿಯಲ್ಲಿ ನನ್ನ ಪಕ್ಕದಲ್ಲಿ ಒಬ್ಬ ಬಸ್ ಡಿಪೋದವನು, ಹಿಂದೆ ಪ್ರಿಂಟಿಂಗ್ ಪ್ರೆಸ್ಸಿನವಳು. ಮೇಷ್ಟ್ರು ತೆಳ್ಳಗಿನ ಮನುಷ್ಯ, ತೋಳಿನ ತುಂಬ ಸೀಮೆಸುಣ್ಣ. ಬಂದವರೇ ಬೋರ್ಡಿನ ಮೇಲೆ "ಪ್ರಕ್ರಿಯೆ" ಅಂತ ಬರೆದರು. ನನಗೆ ಆ ಪದ ನೋಡಿಯೇ ಅರ್ಧ ಜೀವ ಹೋಯಿತು. ಆಮೇಲೆ ಅವರೇ ನಕ್ಕು, "ಹೆದರ್ಬೇಡಿ. ಒಂದು ವಸ್ತು ಒಳಗೆ ಬರುತ್ತೆ, ಯಾರೋ ಏನೋ ಮಾಡ್ತಾರೆ, ಇನ್ನೊಬ್ಬರ ಕೈಗೆ ಹೋಗುತ್ತೆ, ಕೊನೆಗೆ ಬೇಕಾದವರ ಕೈ ಸೇರುತ್ತೆ. ಆ ದಾರಿಗೆ ಇಟ್ಟಿರೋ ಹೆಸರು ಅಷ್ಟೇ," ಎಂದರು.

ಮಾಡುವ ಕೆಲಸಕ್ಕೆ ಚೌಕ. ಹೌದೋ ಅಲ್ಲವೋ ಅಂತ ತೀರ್ಮಾನ ಆಗುವ ಕಡೆ ವಜ್ರದಾಕಾರ. ನಡುವೆ ಬಾಣ. ಸುಲಭ ಅಂದುಕೊಂಡೆ. ಲಾಂಡ್ರಿಯ ದಾರಿಯನ್ನು ಐದು ನಿಮಿಷದಲ್ಲಿ ಬರೆದು ತೋರಿಸಿದೆ. ಮೇಷ್ಟ್ರು ನೋಡಿದರು.

"ಇದು ನಡೀಬೇಕಾದ ರೀತಿ. ನಡೀತಾ ಇರೋ ರೀತಿ ಎಲ್ಲಿ?"

"ಎರಡೂ ಒಂದೇ ಸಾರ್. ನಾನಿರುವಾಗ ಬೇರೆ ಹೇಗೆ ನಡೆಯುತ್ತೆ?"

"ನೀವಿರುವಾಗ ಹೀಗೆ ನಡೆಯುತ್ತೆ. ಸರಿ. ನೀವು ಬೆನ್ನು ತಿರುಗಿಸಿದಾಗ?"

ಡಿಪೋದವನು ಕಿಸಕ್ಕನೆ ನಕ್ಕ. ನಾನು ಅವನನ್ನು ನೋಡಿದ ನೋಟಕ್ಕೆ ಆ ನಗು ಅಲ್ಲೇ ನಿಂತಿತು. ಮೇಷ್ಟ್ರು ಮಾತ್ರ ಬಿಡಲಿಲ್ಲ. "ಒಂದೇ ಒಂದು ವಸ್ತು ಹಿಡ್ಕೊಂಡು ಅದರ ಹಿಂದೇ ನಡೀರಿ. ನೋಡಿ. ಬೈಬೇಡಿ. ಬೈದ್ರೆ ಜನ ಬಚ್ಚಿಡ್ತಾರೆ. ಎಲ್ಲಿ ನಿಂತಿತೋ ಅಲ್ಲಿ ಯಾಕೆ ಅಂತ ಕೇಳಿ. ಉತ್ತರ ಸಿಕ್ಕಿದ್ರೆ ಅದಕ್ಕೂ ಯಾಕೆ ಅನ್ನಿ. ಬುಡ ಸಿಗೋವರೆಗೂ ಕೇಳ್ತಾನೇ ಇರಿ," ಎಂದರು.

ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ನೆಲದ ಮೇಲೆ ಹಾಳೆ ಹರಡಿಕೊಂಡು ಗೀಚುತ್ತಿದ್ದೆ. ಚಿಕ್ಕಮ್ಮ ಒಲೆಯ ಮುಂದಿದ್ದಳು. "ಏನದು, ತೋರ್ಸು" ಅನ್ನಲಿಲ್ಲ. "ಅದೇನ್ ಗೀಚ್ತೀಯೋ, ಬಾಯಲ್ಲಿ ಹೇಳೇ" ಎಂದಳು. ನಾನು ಹೇಳಿದೆ. ಒಳಗೆ ಬರುವ ಮೂಟೆ, ಒಗೆಯುವುದು, ಒಣಗಿಸುವುದು, ಕಲೆ ನೋಡುವುದು, ಇಸ್ತ್ರಿ, ಮಡಿಚುವ ಮಷೀನು, ಬೆಳಗಿನ ವ್ಯಾನು. ಅವಳು ತಲೆಯಾಡಿಸುತ್ತ ಕೇಳಿದಳು.

"ನನ್ನ ಮೇಜೂ ಇದೆಯಾ ಅದರಲ್ಲಿ?"

"ಇಲ್ದೇ ಏನು? ನೋಡು, ನಟ್ಟನಡುವೆ ಇದ್ದೀಯ."

"ಹಾಗಾದ್ರೆ ನನ್ನ ಹತ್ರಾನೂ ಬಂದು ನಿಂತ್ಕೊಂಡು ನೋಡು. ಸಂಬಂಧ ಅಂತ ಬಿಡಬೇಡ. ನನ್ನ ಮೇಜಿನ ಮೇಲೆ ಒಂದು ಬಟ್ಟೆ ಕೊಳೀತಾ ಬಿದ್ದಿರಲ್ಲ, ಹೇಳಿರ್ತೀನಿ." ಅವಳ ದನಿಯಲ್ಲಿ ಎಂಥ ಜಂಬ! ನನಗೆ ನಗು ಬಂತು. ಲಾಂಡ್ರಿ ಉಳಿಸಿಯೇ ಉಳಿಸುತ್ತೇನೆ, ಇವಳ ಮೇಜು ಇವಳಿಗೇ ಇರುತ್ತದೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಮೊದಮೊದಲು ನಾನು ಹಿಡಿದದ್ದೆಲ್ಲ ತಪ್ಪು ಬಾಲ. ಟ್ರಾಲಿಯ ಚಕ್ರ ಸಿಕ್ಕಿಹಾಕಿಕೊಳ್ಳುತ್ತಿತ್ತು, ಬದಲಾಯಿಸಿದೆವು. ಮೂಟೆ ಬಿಚ್ಚುವ ಜಾಗವನ್ನು ಒಗೆಯುವ ಮಷೀನಿನ ಪಕ್ಕಕ್ಕೆ ತಂದೆವು. ಬಿಚ್ಚುವವರು "ಮೇಡಂ ಓದೋಕೆ ಹೋಗಿ ನಮ್ಮ ತಲೆ ತಿಂತಿದ್ದಾರೆ" ಅಂತ ಗೊಣಗಿದರು. ಎಲ್ಲ ಸ್ವಲ್ಪ ಸ್ವಲ್ಪ ಬೇಗ ಆಯಿತು, ಆದರೂ ಬೆಳಿಗ್ಗೆ ವ್ಯಾನಿಗೆ ತುಂಬುವ ಹೊತ್ತಿಗೆ ಬೆಡ್‌ಶೀಟು ಕಮ್ಮಿಯೇ. ಆಸ್ಪತ್ರೆಯಿಂದ ಬಂದದ್ದು ಬಂದಷ್ಟೇ ಇದೆ, ಯಾರೂ ಕದ್ದಿಲ್ಲ, ಮತ್ತೆ ಎಲ್ಲಿ ಸಾಯುತ್ತವೆ ಇವು? ತಲೆ ಕೆಟ್ಟು ಹೋಯಿತು. ತಿಂಗಳು ಮುಗಿಯುತ್ತ ಬಂತು. ಅನ್ನ ಇಳಿಯದು, ನಿದ್ದೆ ಹತ್ತದು. ಯಜಮಾನರಿಗೆ ಕಡಿಯಲು ಉಗುರೇ ಉಳಿದಿರಲಿಲ್ಲ.

ಕೊನೆಗೆ ಮೇಷ್ಟ್ರು ಹೇಳಿದ್ದನ್ನೇ ಮಾಡಿದೆ. ಬೆಳಿಗ್ಗೆ ಬಂದ ಮೂಟೆಯಿಂದ ಒಂದು ಬೆಡ್‌ಶೀಟ್ ಎತ್ತಿ ಅದರ ಅಂಚಿಗೆ ಕೆಂಪು ದಾರ ಹೊಲಿದೆ. ಯಾರಿಗೂ ಹೇಳಲಿಲ್ಲ. ಅದರ ಹಿಂದೆಯೇ ನಡೆದೆ, ನಾಯಿಯ ಹಿಂದೆ ಅದರ ಮರಿ ಹೋದ ಹಾಗೆ.

ಒಗೆದರು. ಒಣಗಿತು. ಚಿಕ್ಕಮ್ಮ ದೀಪದ ಕೆಳಗೆ ಹರಡಿ, ಅಂಗೈಯಿಂದ ಒಮ್ಮೆ ಸವರಿ, ಇಸ್ತ್ರಿಯ ಬುಟ್ಟಿಗೆ ಹಾಕಿದಳು. ಅವಳ ಹತ್ತಿರ ನಿಜಕ್ಕೂ ಒಂದು ಕ್ಷಣವೂ ತಡವಾಗಲಿಲ್ಲ. ಹೆಮ್ಮೆಯಾಯಿತು. ಬುಟ್ಟಿ ಇಸ್ತ್ರಿ ಕೋಣೆಯೊಳಗೆ ಹೋಯಿತು. ಅಲ್ಲಿ ನನ್ನನ್ನು ಕಂಡರೆ ಎಲ್ಲರೂ ಸೆಟೆದುಕೊಳ್ಳುತ್ತಾರೆ ಅಂತ ಬಾಗಿಲಿಂದಾಚೆ ಕಾದೆ. ಮಡಿಚುವ ಮಷೀನಿನ ಬಾಯಿಂದ ಒಂದೊಂದೇ ಶೀಟು ಬಂದು ಬಿತ್ತು, ನನ್ನ ಕೆಂಪು ದಾರದ್ದು ಬರಲೇ ಇಲ್ಲ. ಮಧ್ಯಾಹ್ನವಾಯಿತು. ಬರಲಿಲ್ಲ.

ಎಲ್ಲರೂ ಊಟಕ್ಕೆ ಎದ್ದಾಗ ಒಳಗೆ ಹೋಗಿ ಹುಡುಕಿದೆ. ಇಸ್ತ್ರಿ ಬೆಂಚಿನ ಕೆಳಗೆ, ಒಂದು ಹಳೆಯ ಪರದೆಯ ಹಿಂದೆ, ಕತ್ತಲಲ್ಲಿ ಶೀಟುಗಳ ರಾಶಿಯೇ ಇತ್ತು! ನನ್ನ ಕೆಂಪು ದಾರವೂ ಅದರಲ್ಲಿ. ಸಂಜೆ ಚಿಕ್ಕಮ್ಮನನ್ನು ಮನೆಗೆ ಕಳಿಸಿ ಮರೆಯಲ್ಲಿ ನಿಂತು ನೋಡಿದೆ. ಇಸ್ತ್ರಿಯ ಹೆಂಗಸರು ಆ ರಾಶಿಯನ್ನು ತಬ್ಬಿಕೊಂಡು, ಖಾಲಿ ಮೇಜಿನ ಮುಂದಿನಿಂದ ಹಾದು, ಒಗೆಯುವ ಕೋಣೆಗೆ ಒಯ್ದು ಸುರಿದರು. ಮಾರನೆಯ ದಿನ ಅದೇ ದಾರದ ಶೀಟು ಮತ್ತೆ ಒದ್ದೆಯಾಗಿ ಸಾಲಿನಲ್ಲಿ ನಿಂತಿತ್ತು. ವ್ಯಾನು ಆಗಲೇ ಹೋಗಿಯಾಗಿತ್ತು.

ಬೈಬೇಡಿ ಅಂತ ಮೇಷ್ಟ್ರು ಹೇಳಿದ್ದರು. ಯಾರಿಗೆ ನೆನಪಿರುತ್ತದೆ? ಇಸ್ತ್ರಿ ಕೋಣೆಯ ಹಿರಿಯಳು ದೊಡ್ಡಕ್ಕ. ಅವಳ ಮುಂದೆ ಹೋಗಿ ನಿಂತೆ.

"ಏನ್ ದೊಡ್ಡಕ್ಕ ಇದು? ಇಸ್ತ್ರಿ ಮಾಡೋಕೆ ಮೈ ಬಗ್ಗಲ್ವಾ? ಒಣಗಿರೋದನ್ನ ಬಚ್ಚಿಟ್ಟು ಮತ್ತೆ ಒಗೆಯೋಕೆ ಹಾಕ್ತೀರಲ್ಲ, ನಿಮಗೆ ತಲೆ ನೆಟ್ಟಗಿದೆಯಾ?"

ದೊಡ್ಡಕ್ಕ ಗೋಡೆಯಾಚೆಗೆ, ಓಣಿಯ ಕಡೆ ಒಮ್ಮೆ ನೋಡಿದಳು. "ಮೆತ್ತಗೆ ಮಾತಾಡಮ್ಮ. ನೆಲಕ್ಕೆ ಬಿದ್ದಿತ್ತು."

"ಅಷ್ಟೂ ನೆಲಕ್ಕೆ ಬಿದ್ವಾ?"

"ಸಂಜೆ ಹೊರಗೆ ಸಿಗು. ಹೇಳ್ತೀನಿ."

"ಹೊರಗೆ ಯಾಕೆ? ನಾಳೆ ಆಸ್ಪತ್ರೆ ಮೇಡಂ ಬರ್ತಾರೆ. ಎಲ್ಲರ ಮುಂದೇ ಹೇಳಿ!"

"ನಿನ್ನ ಕಾಲಿಗೆ ಬೀಳ್ತೀನಿ," ಎಂದಳು ದೊಡ್ಡಕ್ಕ, ನನಗಿಂತ ಅಷ್ಟು ದೊಡ್ಡವಳು. "ಇದೊಂದು ಬಿಟ್ಟು ಬೇರೆ ಎಲ್ಲಾದ್ರೂ ಹುಡುಕು."

ಸಿಕ್ಕಿಬಿದ್ದವರೆಲ್ಲ ಹೀಗೇ ಅನ್ನುವುದು ಅಂದುಕೊಂಡೆ. ಸಂಜೆ ಹೊರಗೆ ಅವಳು ಕಾದಿದ್ದಳೋ ಏನೋ, ನಾನು ಹೋಗಲಿಲ್ಲ. ಯಜಮಾನರ ಕೋಣೆಯಲ್ಲಿ ಚೀಟಿ ಬರೆಯುತ್ತ ಕೂತಿದ್ದೆ. ಇಷ್ಟು ದಿನದ ಮೇಲೆ ಬುಡ ಸಿಕ್ಕಿತ್ತು. ಲಾಂಡ್ರಿ ಉಳಿಯಿತು ಅನ್ನುವ ಖುಷಿಯಲ್ಲಿ ಒಂದೇ ಚೀಟಿಯನ್ನು ಎರಡೆರಡು ಸಲ ಬರೆದೆ.

ಕೆಲಸ ಮಾಡುವವರೆಲ್ಲ ನಕ್ಷೆಯ ಮುಂದೆ ಇರಬೇಕು, ಅವರಿಲ್ಲದೆ ಮಾಡಿದ ನಕ್ಷೆ ನಕ್ಷೆಯೇ ಅಲ್ಲ ಅನ್ನುವುದು ಮೇಷ್ಟ್ರ ಇನ್ನೊಂದು ಪಾಠ. ಹಾಗಾಗಿ ಮಾರನೆಯ ದಿನ ಮಷೀನು ನಿಲ್ಲಿಸಿ ಎಲ್ಲರನ್ನೂ ಮಡಿಚುವ ಕೋಣೆಗೆ ಕರೆದೆ. ಆಸ್ಪತ್ರೆಯ ಮೇಡಂ ಕುರ್ಚಿಯಲ್ಲಿ ಕೂತರು. ಬಿಗಿಯಾಗಿ ಜಡೆ ಹಾಕಿದ, ಮಾತು ಕಮ್ಮಿಯ ಹೆಂಗಸು. ಯಜಮಾನರು ಅವರ ಹಿಂದೆ ನಿಂತರು. ಚಿಕ್ಕಮ್ಮನನ್ನು ನಾನೇ ಕೈ ಹಿಡಿದು ತಂದು ಮುಂದಿನ ಸ್ಟೂಲಿನ ಮೇಲೆ ಕೂರಿಸಿದೆ. ನಾನು ಓದಿ ದೊಡ್ಡವಳಾದದ್ದನ್ನು ಅವಳು ನೋಡಲಿ ಅಂತ.

ಗೋಡೆಗೆ ಒಂದೊಂದೇ ಹಳದಿ ಚೀಟಿ ಅಂಟಿಸಿದೆ. ಒಂದು ಕೆಲಸಕ್ಕೆ ಒಂದು ಚೀಟಿ. ಅಂಟಿಸುತ್ತ, ನಡುವೆ ಸೀಮೆಸುಣ್ಣದಿಂದ ಬಾಣ ಎಳೆಯುತ್ತ, ಬಾಯಲ್ಲೂ ಹೇಳಿದೆ. ಇಸ್ತ್ರಿಯ ಚೀಟಿಗೆ ಬಂದಾಗ ಸೀಮೆಸುಣ್ಣ ಒತ್ತಿ ಹಿಡಿದು, ಅಲ್ಲಿಂದ ಹಿಂದಕ್ಕೆ, ಒಗೆಯುವ ಚೀಟಿಯವರೆಗೆ ಒಂದು ದಪ್ಪ ಬಾಣ ಎಳೆದೆ.

"ಈ ಬಾಣ ಯಾರ ನಕ್ಷೆಯಲ್ಲೂ ಇರ್ಲಿಲ್ಲ. ಆದ್ರೆ ದಿನಾ ನಡೀತಿದೆ. ಬೆಳಿಗ್ಗೆ ನಿಮಗೆ ಶೀಟು ಕಮ್ಮಿ ಬೀಳೋದು ಇದಕ್ಕೇ, ಮೇಡಂ. ಒಂದಷ್ಟು ಶೀಟು ಸಂಜೆವರೆಗೂ ಇಸ್ತ್ರಿ ಬೆಂಚಿನ ಕೆಳಗೆ ಬಚ್ಚಿಟ್ಟಿರ್ತಾರೆ. ಆಮೇಲೆ ಮತ್ತೆ ಒಗೆಯೋಕೆ ಹೋಗುತ್ತೆ."

ಮೇಡಂ ಮುಂದಕ್ಕೆ ಬಾಗಿದರು. "ಯಾಕೆ?"

"ಅದನ್ನೇ ನಾನೂ ಕೇಳ್ತಿದ್ದೀನಿ. ಯಾಕೆ ಮತ್ತೆ ಒಗೀಬೇಕು, ದೊಡ್ಡಕ್ಕ?"

ದೊಡ್ಡಕ್ಕ ಸೆರಗಿನ ತುದಿ ಹಿಂಡುತ್ತಿದ್ದಳು. "ಕಲೆ ಇರುತ್ತೆ."

"ಸರಿ, ಇದ್ರೆ ಆಗಲೇ ವಾಪಸ್ ಕಳಿಸ್ಬಹುದಲ್ಲ? ಸಂಜೆವರೆಗೂ ಯಾಕೆ ಬಚ್ಚಿಡ್ಬೇಕು?"

"ಆ ದಾರಿ… ಮೇಜಿನ ಮುಂದೆ ಹೋಗುತ್ತೆ."

"ಹೋದ್ರೆ ಏನಾಯ್ತು?"

"ಚಿಕ್ಕಮ್ಮನಿಗೆ ಗೊತ್ತಾಗುತ್ತೆ," ಎಂದಳು ದೊಡ್ಡಕ್ಕ. ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನನ್ನ ಬಾಯಿ ಮುಂದಿನ ಯಾಕೆಗೆ ತೆರೆದಿತ್ತು. ತೆರೆದೇ ಉಳಿಯಿತು. ಕಲೆ ಇರುವ ಶೀಟು ಇಸ್ತ್ರಿ ಕೋಣೆಗೆ ಹೋಗಬೇಕಾದರೆ ಅದು ಚಿಕ್ಕಮ್ಮನ ದೀಪ ದಾಟಿ ಹೋಗಬೇಕು. ನಾನೇ ನಿಂತು ನೋಡಿದ್ದೆನಲ್ಲ, ಅವಳು ಹರಡಿ, ಸವರಿ, ಬುಟ್ಟಿಗೆ ಹಾಕಿದ್ದನ್ನು. ನಾನು ನೋಡಿದ್ದು ಅವಳ ಕೈಯ ಚುರುಕನ್ನು. ಶೀಟನ್ನು ನಾನು ನೋಡಿಯೇ ಇರಲಿಲ್ಲ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆಗಲೇ ಆ ಬಾಣವನ್ನು ಅಂಗೈಯಿಂದ ಒರೆಸಿಹಾಕಬೇಕಿತ್ತು, ಆದರೆ ಮೇಡಂ ಅದನ್ನೇ ನೋಡುತ್ತಿದ್ದರು.

"ಕಲೆ ನೋಡೋಕೆ ಅಂತಲೇ ಒಂದು ಮೇಜಿದೆ ಅಂದ್ರಿ," ಎಂದರು ಮೇಡಂ, ಗಟ್ಟಿಯೂ ಅಲ್ಲ, ಕೆಟ್ಟ ದನಿಯೂ ಅಲ್ಲ. "ಅಲ್ಲಿ ಯಾಕೆ ಸಿಗ್ತಿಲ್ಲ?"

"ದೀಪ!" ಎಂದೆ ನಾನು. "ದೀಪ ಸರಿ ಇಲ್ಲ ಮೇಡಂ. ಮಂದ. ಅದರಲ್ಲಿ ಯಾರಿಗೂ ಕಾಣಲ್ಲ. ನಂದೇ ತಪ್ಪು, ನಾನು ಬದಲಾಯಿಸ್ಬೇಕಿತ್ತು."

ಯಜಮಾನರು ಮುಳುಗುವವನು ಹಗ್ಗ ಹಿಡಿದಂತೆ ಅದನ್ನು ಹಿಡಿದುಕೊಂಡರು. "ಹೌದ್ಹೌದು, ದೀಪ! ಇವತ್ತೇ ಹೊಸದು ಹಾಕಿಸ್ತೀನಿ. ಎರಡು ಹಾಕಿಸ್ತೀನಿ ಬೇಕಾದ್ರೆ!"

"ದೀಪ ಚೆನ್ನಾಗೇ ಇದೆ," ಎಂದಳು ಚಿಕ್ಕಮ್ಮ.

ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು, ಕೈಗಳು ತೊಡೆಯ ಮೇಲೆ. ಮುಖ ನನ್ನ ಕಡೆಗಿತ್ತು, ಆದರೆ ನನ್ನಿಂದ ಸ್ವಲ್ಪ ಪಕ್ಕಕ್ಕೆ. ಎಷ್ಟು ದಿನದಿಂದ ಅವಳು ನನ್ನನ್ನು ಹೀಗೆ ಪಕ್ಕಕ್ಕೆ ನೋಡುತ್ತಿದ್ದಳೋ ದೇವರಿಗೇ ಗೊತ್ತು.

"ನನಗೆ ನಡುವೆ ಕಾಣಲ್ಲ ಕಣೇ. ಅಂಚಲ್ಲಿ ಕಾಣುತ್ತೆ. ನಡುವೆ ಮಂಜು. ಡಾಕ್ಟರ ಹತ್ರ ಹೋಗಿದ್ದೆ. ಇನ್ನು ಏನೂ ಮಾಡೋಕಾಗಲ್ಲ ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?" ಕಿರುಚಿದೆ. ಅಷ್ಟು ಜನರ ಮುಂದೆ ಕಿರುಚಿಬಿಟ್ಟೆ.

"ಹೇಳಿದ್ರೆ ಹೀಗೇ ಕೂಗಾಡ್ತಿದ್ದೆ," ಎಂದಳು. ಬೈಗುಳವಲ್ಲ, ಸುಮ್ಮನೆ ಹೇಳಿದ್ದು. ಆಮೇಲೆ ದೊಡ್ಡಕ್ಕನ ದನಿ ಬಂದ ಕಡೆಗೆ ತಿರುಗಿದಳು. "ನಾನು ಕಳಿಸಿದ್ದನ್ನ ನೀವು ಮತ್ತೆ ನೋಡ್ತಿದ್ರಾ?"

"ಅಲ್ಲೊಂದು ಇಲ್ಲೊಂದು, ಚಿಕ್ಕಮ್ಮ."

"ಸುಳ್ಳು ಹೇಳ್ಬೇಡ."

ದೊಡ್ಡಕ್ಕ ಅಳತೊಡಗಿದಳು. "ಎಲ್ಲಾನೂ. ಒಂದೂ ಬಿಡದೆ ಎಲ್ಲಾನೂ ನೋಡ್ತಿದ್ವಿ. ನಿಮಗೆ ಗೊತ್ತಾಗ್ಬಾರ್ದು ಅಂತ, ನೀವು ಮನೆಗೆ ಹೋದ ಮೇಲೇನೇ ವಾಪಸ್ ಹಾಕ್ತಿದ್ವಿ. ನಮಗೆ ಕೆಲಸ ಕಲಿಸಿದ್ದು ನೀವೇ. ನಿಮ್ಮನ್ನ ಎಬ್ಬಿಸಿ ಕಳಿಸೋಕೆ ನಮಗೆ ಬಾಯಿ ಬರ್ಲಿಲ್ಲ."

"ಅಂದಾಜಿನ ಮೇಲೆ ಮಾಡ್ತಿದ್ದೆ," ಎಂದಳು ಚಿಕ್ಕಮ್ಮ. "ಕಲೆ ಇದ್ದ ಕಡೆ ಬಟ್ಟೆ ಒರಟಾಗಿರುತ್ತೆ ಅನ್ಕೊಂಡು ಸವರ್ತಿದ್ದೆ. ಕಲೆ ಉಳಿದಿದೆ ಅಂತ ಇದುವರೆಗೂ ಒಂದು ದೂರು ಬರ್ಲಿಲ್ಲ. ಅದಕ್ಕೇ ನನ್ನ ಕೈ ಸರಿಯಾಗೇ ಹೇಳ್ತಿದೆ ಅಂತ ಅನ್ಕೊಂಡಿದ್ದೆ." ಅಂಗೈಯನ್ನು ತೊಡೆಯ ಮೇಲೆ ಒಮ್ಮೆ ಸವರಿದಳು. "ಹಾಗಾದ್ರೆ ನಾನು ಇಷ್ಟು ದಿನ ಅಲ್ಲಿ ನಿಂತು ಏನ್ ಮಾಡ್ತಿದ್ದೆ?"

ಉತ್ತರ ಗೋಡೆಯ ಮೇಲೆಯೇ ಇತ್ತು, ನನ್ನದೇ ಕೈಬರಹದಲ್ಲಿ. ಅವಳ ಚೀಟಿಯನ್ನು ತೆಗೆದುಬಿಟ್ಟರೆ ಒಂದು ಶೀಟೂ ನಿಲ್ಲುವುದಿಲ್ಲ, ಇಸ್ತ್ರಿಯವರು ಕಲೆ ಕಂಡ ತಕ್ಷಣ ವಾಪಸ್ಸು ಕಳಿಸುತ್ತಾರೆ, ವ್ಯಾನು ತುಂಬಿ ಹೋಗುತ್ತದೆ. ಮೇಷ್ಟ್ರು ನೋಡಿದ್ದರೆ ಭೇಷ್ ಅನ್ನುತ್ತಿದ್ದರು. ಮೇಡಂ ಕೂಡ ಅದನ್ನೇ ಕಂಡುಕೊಂಡಿದ್ದರು, ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಪಾಪ, ಅವರೂ ನೆಲ ನೋಡುತ್ತಿದ್ದರು.

"ಇಸ್ತ್ರಿ ಕೋಣೇಲಿ ಒಂದೇ ಸಲ ನೋಡಿದ್ರೆ ಬೆಳಿಗ್ಗೆ ಪೂರ್ತಿ ಬರುತ್ತಾ?" ಅಂತ ಮೆಲ್ಲಗೆ ಕೇಳಿದರು.

ಯಜಮಾನರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ತಿರುಗಿದೆ. ಕೊನೆಗೆ ಅವರೇ "ಬರುತ್ತೆ ಮೇಡಂ" ಎಂದರು.

"ಹಾಗಾದ್ರೆ ನಿಮ್ಮಲ್ಲೇ ಮುಂದುವರಿಸ್ತೀವಿ."

ಲಾಂಡ್ರಿ ಉಳಿಯಿತು.

ನನಗೆ ಹುಚ್ಚು ಹಿಡಿದಂತಾಯಿತು. ಹೊಸ ಚೀಟಿ ಕಿತ್ತುಕೊಂಡು, ಏನು ಬರೆಯುತ್ತೇನೆ ಅಂತ ನನಗೇ ಗೊತ್ತಿಲ್ಲದೆ ಪೆನ್ನು ಹಿಡಿದೆ. "ಇರಿ, ಇರಿ. ಚಿಕ್ಕಮ್ಮನಿಗೆ ಬೇರೆ ಕೆಲಸ ಇದೆ. ಮೂಟೆ ಬಿಚ್ಚೋ ಕಡೆ ಹಾಕೋಣ. ಇಲ್ಲ, ಅಲ್ಲಿ ಸೂಜಿಗೀಜಿ ಇರುತ್ತೆ, ಕೈಗೆ ಚುಚ್ಚುತ್ತೆ. ಮಡಿಚೋಕೆ! ಮಡಿಚೋಕೆ ಕಣ್ಣು ಬೇಕಾ? ಬೇಡ. ಅಲ್ವಾ ಯಜಮಾನ್ರೇ? ಹೇಳಿ!"

"ಹೌದು, ಹೌದು, ಮಡಿಚ್ಲಿ," ಎಂದರು ಯಜಮಾನರು. ಅವರ ಕಣ್ಣಲ್ಲೂ ನೀರಿತ್ತು.

"ಮಡಿಚೋಕೆ ಮಷೀನ್ ಇದೆಯಲ್ಲ ಯಜಮಾನ್ರೇ," ಎಂದಳು ಚಿಕ್ಕಮ್ಮ. "ನನಗೋಸ್ಕರ ಅದನ್ನ ನಿಲ್ಲಿಸ್ತೀರಾ? ಅದು ಮಡಿಚಿದ್ದನ್ನ ನಾನು ಬಿಚ್ಚಿ ಮತ್ತೆ ಮಡಿಚ್ಲಾ?"

ನಾನು ಚೀಟಿ ಹಿಡಿದುಕೊಂಡು ಗೋಡೆಯ ಈ ತುದಿಯಿಂದ ಆ ತುದಿಗೆ ಓಡಾಡಿದೆ. ಎಲ್ಲಿ ಅಂಟಿಸಲಿ? ಎರಡು ಚೀಟಿಗಳ ನಡುವೆ ಎಲ್ಲಾದರೂ ಒಂದು ಸಂದಿ, ಒಬ್ಬ ಮನುಷ್ಯಳು ನಿಂತುಕೊಳ್ಳುವಷ್ಟು ಜಾಗ! ನಾನೇ ಎಳೆದ ಬಾಣಗಳು ಎಲ್ಲ ಕಡೆ ಒಂದಕ್ಕೊಂದು ಕೂಡಿಕೊಂಡಿದ್ದವು. ಕೈಯಲ್ಲಿದ್ದ ಚೀಟಿ ಬೆವರಿಗೆ ಮುದ್ದೆಯಾಯಿತು.

"ಬಿಡೇ," ಎಂದಳು ಚಿಕ್ಕಮ್ಮ. "ನೀನು ಕಲಿತಿದ್ದು ಸರಿಯಾಗೇ ಇದೆ. ಬಾಯಲ್ಲಿ ಹೇಳಿದ್ದಕ್ಕೇ ನನಗೂ ಅರ್ಥ ಆಯ್ತು."

ಎದ್ದು ನಿಂತಳು. ಹಿಡಿಯಲು ಹೋದ ದೊಡ್ಡಕ್ಕನ ಕೈಯನ್ನು ಮೆಲ್ಲಗೆ ಸರಿಸಿ, ಗೋಡೆಯ ಹತ್ತಿರಕ್ಕೆ ತಾನೇ ನಡೆದು ಬಂದಳು.

"ನನ್ನದನ್ನ ನಾನೇ ತೆಗೀತೀನಿ. ಇನ್ಯಾರೂ ತೆಗಿಯೋದು ಬೇಡ."

ಗೋಡೆಯ ಮೇಲೆ ಅಂಗೈ ಆಡಿಸಿದಳು. ಒಂದು ಚೀಟಿ ಸಿಕ್ಕಿತು. ಹಿಡಿದು ಎಳೆದಳು. ಅದು ಒಣಗಿಸುವ ಚೀಟಿ. ಅವಳಿಗೆ ಗೊತ್ತಾಗಲಿಲ್ಲ. ಅದನ್ನು ಎದೆಗೊತ್ತಿಕೊಂಡು ನಿಂತಳು. ಕೋಣೆಯಲ್ಲಿ ಅಷ್ಟು ಜನರಿದ್ದರು, ಒಬ್ಬರೂ ಅಲ್ಲ ಅನ್ನಲಿಲ್ಲ. ಅವಳು ಹಾಗೆಯೇ ಮನೆಗೆ ಹೋಗಲಿ ಅಂತ ಎಲ್ಲರೂ ಬಯಸಿದ್ದು ನನಗೆ ಕಾಣುತ್ತಿತ್ತು. ನಾನೂ ಬಯಸಿದೆ. ಆದರೆ ಆ ಮೌನ ಅವಳಿಗೆ ಅರ್ಥವಾಯಿತು.

"ಇದಲ್ವಾ?" ಎಂದಳು. "ನೀನಾದ್ರೂ ಹೇಳೇ. ಇದಲ್ವಾ?"

"ಅಲ್ಲ ಚಿಕ್ಕಮ್ಮ."

ಚೀಟಿಯನ್ನು ನನ್ನ ಕಡೆಗೆ ಚಾಚಿದಳು. ನಾನು ಅದನ್ನು ಇಸಿದುಕೊಂಡು ಇದ್ದ ಜಾಗಕ್ಕೇ ಅಂಟಿಸಿದೆ. ಆಮೇಲೆ ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಗೋಡೆಯ ಉದ್ದಕ್ಕೂ ಅದನ್ನು ಪಕ್ಕಕ್ಕೆ ಸರಿಸಿ, "ಕಲೆ ನೋಡುವುದು" ಅಂತ ನಾನೇ ಬರೆದಿದ್ದ ಚೀಟಿಯ ಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ಇಟ್ಟೆ.